ಒಂದಂಗುಲಕ್ಕೆ ಒಂದು ಮೈಲಿ: ಹಳೆಯ ನಕಾಶೆಗಳಲ್ಲಿ ಕಾಸರಗೋಡು ಸೀಮೆ

(ಶಾಲೆಯ ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಶಾಲೆಯ ನೂರು ವರ್ಷಗಳ ಚರಿತ್ರೆಯನ್ನು ಹೇಳಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ಇದನ್ನು ಕಟ್ಟಿದವರ ತ್ಯಾಗ, ಕಲಿಸಿದವರ ನಿಷ್ಠೆ, ಕಲಿತವರ ಸಾಧನೆಗಳು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಯೋಗ್ಯವಾಗಿ ದಾಖಲಾಗಲಿವೆ. ನಾವು ಇಂದು ಹೇಳಹೊರಟಿರುವುದು ಶಾಲೆ ನಿಂತಿರುವ ನೆಲದ ವಿಚಾರ. ಆ ನೆಲವನ್ನು ಅಳೆದು, ಕಾಗದದ ಮೇಲೆ ಇಳಿಸಿ, ಅದರ ಗುಡ್ಡ, ತೋಡು, ದಾರಿಗಳಿಗೆ ಹೆಸರು ಬರೆದಿಟ್ಟ ಹಳೆಯ ಭೂಸ್ವರೂಪ ನಕಾಶೆಗಳೇ ಇಂದಿನ ನಮ್ಮ ಪಠ್ಯ. ಸರ್ವೇ ಇಲಾಖೆಯವರು ಇವನ್ನು ಟೋಪೋಶೀಟ್ ಎನ್ನುತ್ತಾರೆ. ಇವು ಇಂಜಿನಿಯರರಿಗೂ ಸೈನಿಕರಿಗೂ ಮಾತ್ರ ಬೇಕಾದ ಕಾಗದಗಳೆಂಬ ಭಾವನೆ ನಮ್ಮಲ್ಲಿದೆ. ಗಡಿನಾಡಿನ ಕನ್ನಡ ಶಾಲೆಯೊಂದಕ್ಕೆ ಇವು ಎಷ್ಟು ಬೇಕಾದವು ಎಂಬುದನ್ನು ತೋರಿಸುವುದೇ ನಮ್ಮ ಉದ್ದೇಶ.

ಮೊದಲು ಇವು ಹುಟ್ಟಿದ ಬಗೆಯನ್ನು ಸಂಕ್ಷೇಪವಾಗಿ ನೋಡೋಣ. 1799ರಲ್ಲಿ ಟಿಪ್ಪು ಸುಲ್ತಾನನ ಪತನದೊಂದಿಗೆ ಕೆನರಾ ಸೀಮೆ ಕಂಪೆನಿ ಸರಕಾರದ ಕೈ ಸೇರಿತು. ಹೊಸದಾಗಿ ದೊರೆತ ನಾಡಿನ ಉದ್ದಗಲ, ಬೆಳೆ, ಆದಾಯಗಳನ್ನು ತಿಳಿಯುವ ಅವಸರ ಆಳುವವರಿಗಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು, ಮಲಬಾರುಗಳನ್ನು ಸುತ್ತಿ 1801ರ ಜನವರಿಯಲ್ಲಿ ದಕ್ಷಿಣದಿಂದ ನಮ್ಮ ಸೀಮೆಯನ್ನು ಪ್ರವೇಶಿಸಿದ. ಚಂದ್ರಗಿರಿ ಹೊಳೆಯನ್ನು ದಾಟಿ ಉತ್ತರಕ್ಕೆ ಸಾಗಿದ ಆತನ ಪ್ರವಾಸ ವರದಿ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಆತ ಕಂಡದ್ದನ್ನು ಮಾತಿನಲ್ಲಿ ಬರೆದ. ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಗಣಿತದಿಂದ ಬರೆಯಲು ತೊಡಗಿದ. 1802ರ ಏಪ್ರಿಲ್ ತಿಂಗಳಿನಲ್ಲಿ ಮದರಾಸಿನ ಸಂತ ಥೋಮಸ್ ಗುಡ್ಡದ ಬಳಿ 100 ಅಡಿ ಉದ್ದದ ಉಕ್ಕಿನ ಸರಪಳಿಯಿಂದ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯೊಂದನ್ನು ಅಳೆದು, ಅದರ ಮೇಲೆ ತ್ರಿಕೋನಗಳನ್ನು ಕಟ್ಟುತ್ತಾ ಪಡುವಣ ಕಡಲಿನತ್ತ ಸಾಗಿದ. ಅರ್ಧ ಟನ್ನಿನಷ್ಟು ಭಾರವಾದ ಥಿಯೊಡೊಲೈಟ್ ಯಂತ್ರವನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊತ್ತು ನಡೆದ ಆ ತಂಡ ಘಟ್ಟವಿಳಿದು ಮಂಗಳೂರಿನ ಕರಾವಳಿಯನ್ನು ಮುಟ್ಟಿತು. ನಮ್ಮ ದಕ್ಷಿಣಕ್ಕೆ ಕಡಲಿನೊಳಗೆ ಚಾಚಿಕೊಂಡಿರುವ ಏಳಿಮಲೆ ಅವರ ವೀಕ್ಷಣಾ ಸ್ಥಾನಗಳಲ್ಲಿ ಒಂದಾಗಿತ್ತು. ಕಡಲಿನಿಂದ ಕಡಲಿಗೆ ಇರುವ ದೂರ ಹಿಂದಿನ ನಕಾಶೆಗಳು ತೋರಿಸಿದ್ದಕ್ಕಿಂತ ಸುಮಾರು 40 ಮೈಲಿ ಕಡಿಮೆಯೆಂದು ಈ ಅಳತೆಯಿಂದ ತಿಳಿಯಿತು. ನೆಲ ಇದ್ದಲ್ಲೇ ಇತ್ತು, ತಿದ್ದುಪಡಿಯಾದದ್ದು ಕಾಗದ.

ಲ್ಯಾಂಬ್ಟನ್ ಕಟ್ಟಿದ ತ್ರಿಕೋನಗಳ ಹಂದರದೊಳಗೆ ಹಳ್ಳಿ, ಹೊಳೆ, ಹಾದಿಗಳನ್ನು ತುಂಬುವ ಕೆಲಸ ಬಹುಕಾಲ ನಡೆಯಿತು. 1905ರ ವೇಳೆಗೆ ಹಳೆಯ ನಕಾಶೆಗಳು ಸಾಲವೆಂದು ತೀರ್ಮಾನವಾಗಿ, ಒಂದಂಗುಲಕ್ಕೆ ಒಂದು ಮೈಲಿಯ ಪ್ರಮಾಣದಲ್ಲಿ ಬಣ್ಣದ ಹೊಸ ನಕಾಶೆಗಳನ್ನು ದೇಶಕ್ಕೆಲ್ಲ ಸಿದ್ಧಪಡಿಸುವ ಯೋಜನೆ ಆರಂಭವಾಯಿತು. ಅಂದರೆ ನೆಲದ ಮೇಲಿನ 63,360 ಅಂಗುಲ ಹಾಳೆಯ ಮೇಲೆ ಒಂದಂಗುಲ. ನೀರಿಗೆ ನೀಲಿ, ಕಾಡಿಗೆ ಹಸಿರು, ಬೇಸಾಯದ ನೆಲಕ್ಕೆ ಹಳದಿ, ಎತ್ತರ ತಗ್ಗುಗಳ ಗೆರೆಗಳಿಗೆ ಕಂದು, ಮನೆ ಮತ್ತು ರಸ್ತೆಗಳಿಗೆ ಕೆಂಪು, ಅಕ್ಷರಗಳಿಗೆ ಕಪ್ಪು. ಒಂದೊಂದು ಹಾಳೆಯೂ 15 ಮಿನಿಟು ಅಕ್ಷಾಂಶ, 15 ಮಿನಿಟು ರೇಖಾಂಶಗಳ ಚೌಕ. ನಮ್ಮ ಭಾಗದಲ್ಲಿ ಅದರ ಒಂದು ಬದಿ ಸುಮಾರು 17 ಮೈಲಿ.

ಈ ಹಾಳೆಗಳ ಸಂಖ್ಯಾಕ್ರಮದಲ್ಲಿ ನಮಗೊಂದು ಸ್ವಾರಸ್ಯವಿದೆ. ಮಂಜೇಶ್ವರ, ಕುಂಬಳೆಗಳು 48 ಎಲ್/14ರಲ್ಲಿವೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳು 48 ಪಿ/2ರಲ್ಲಿವೆ. ಬೇಕಲ, ಹೊಸದುರ್ಗಗಳನ್ನು ನೋಡಬೇಕಾದರೆ 48 ಪಿ/3ನ್ನು ತೆರೆಯಬೇಕು. ಪೂರ್ವ ರೇಖಾಂಶ 75 ಡಿಗ್ರಿಯ ಗೆರೆಯೂ ಉತ್ತರ ಅಕ್ಷಾಂಶ 12 ಡಿಗ್ರಿ 30 ಮಿನಿಟಿನ ಗೆರೆಯೂ ಪರಸ್ಪರ ಹಾಯುವುದು ಕಾಸರಗೋಡು ಪೇಟೆಯ ಬಳಿಯಲ್ಲೇ. ಆದುದರಿಂದ ಈ ಪೇಟೆಯನ್ನು ಅದರ ಸುತ್ತಲಿನ ಸೀಮೆಯೊಂದಿಗೆ ನೋಡಬಯಸುವವನು ನಾಲ್ಕು ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ಹಾಸಬೇಕಾಗುತ್ತದೆ. ಎಲ್ಲ ಹಾಳೆಗಳ ಅಂಚಿನಲ್ಲಿ ಬಂದರೂ ಯಾವ ಹಾಳೆಯ ನಡುವಿನಲ್ಲೂ ಬಾರದಿರುವುದು ಗಡಿನಾಡಿನವರಾದ ನಮಗೆ ಅಪರಿಚಿತವಾದ ಅನುಭವವೇನೂ ಅಲ್ಲ.

ಇನ್ನು ಹಾಳೆಯೊಳಗೆ ಇಳಿಯೋಣ. ಘಟ್ಟದ ಮೇಲಿನ ಬಯಲುಸೀಮೆಯ ನಕಾಶೆಯಲ್ಲಿ ಊರೆಂಬುದು ಕೆಂಪು ಚುಕ್ಕೆಗಳ ಒಂದು ಗುಂಪು. ಸುತ್ತಲೂ ಖಾಲಿ ಹೊಲ. ನಮ್ಮ ಕರಾವಳಿಯ ಹಾಳೆಗಳಲ್ಲಿ ಅಂಥ ಗುಂಪು ಪೇಟೆಗಳಲ್ಲಿ ಮಾತ್ರ ಕಾಣುತ್ತದೆ. ಉಳಿದಂತೆ ಚುಕ್ಕೆಗಳು ಎಲ್ಲೆಡೆ ಚೆದುರಿವೆ. ತೋಟಕ್ಕೊಂದು ಮನೆ, ಬೈಲಿನ ಅಂಚಿಗೊಂದು ಮನೆ, ಗುಡ್ಡೆಯ ಓರೆಯಲ್ಲಿ ಒಂದು ಮನೆ. ನೀರಿದ್ದಲ್ಲಿ ಮನೆ ಎಂಬುದು ಇಲ್ಲಿಯ ನಿಯಮ. ಇಂಥ ನಾಡಿನಲ್ಲಿ ಊರಿಗೆ ನಡುವೆಂಬುದು ತಾನಾಗಿ ಇರುವುದಿಲ್ಲ; ಅದನ್ನು ಯಾರಾದರೂ ಮಾಡಬೇಕಾಗುತ್ತದೆ. ದೇವಸ್ಥಾನ, ಮಸೀದಿ, ಇಗರ್ಜಿ, ಭೂತಸ್ಥಾನ, ಕಟ್ಟೆಗಳು ಹಿಂದಿನಿಂದ ಆ ಕೆಲಸವನ್ನು ಮಾಡಿದವು. ಆದರೆ ಎಲ್ಲ ಮನೆಗಳ ಮಕ್ಕಳು ದಿನವೂ ಬಂದು ಒಂದೇ ಸೂರಿನಡಿ ಕುಳಿತುಕೊಳ್ಳುವ ನಡುವನ್ನು ನಿರ್ಮಿಸಿದ್ದು ಶಾಲೆ. ಕಾಲುದಾರಿಗಳ ಚುಕ್ಕೆಗೆರೆಗಳು ಹಲವು ದಿಕ್ಕಿನಿಂದ ಬಂದು ಕೂಡುವ ಸ್ಥಳವನ್ನು ಇಂಥ ಹಾಳೆಯಲ್ಲಿ ಹುಡುಕಿದರೆ, ಶಾಲೆಯನ್ನು ಎಲ್ಲಿ ಕಟ್ಟಬೇಕೆಂದು ನಮ್ಮ ಹಿರಿಯರು ಹೇಗೆ ನಿಶ್ಚಯಿಸಿದರೆಂಬುದು ಅರ್ಥವಾಗುತ್ತದೆ.

ಕಂದು ಬಣ್ಣದ ಸಮೋನ್ನತಿ ರೇಖೆಗಳನ್ನು ಓದಲು ಕಲಿತವನಿಗೆ ನೆಲವೇ ಎದ್ದು ನಿಲ್ಲುತ್ತದೆ. ಒಂದೊಂದು ರೇಖೆಯೂ ಒಂದೇ ಎತ್ತರದ ಬಿಂದುಗಳನ್ನು ಕೂಡಿಸುತ್ತದೆ. ಹಳೆಯ ಹಾಳೆಗಳಲ್ಲಿ ಒಂದು ರೇಖೆಯಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 50 ಅಡಿ. ರೇಖೆಗಳು ಒತ್ತಾಗಿದ್ದರೆ ಕಡಿದಾದ ಏರು, ದೂರವಾಗಿದ್ದರೆ ಸಪಾಟು. ರೇಖೆ ಮೊನಚಾಗಿ ಮೇಲ್ಮುಖವಾಗಿ ಬಾಗಿದಲ್ಲಿ ನೀರು ಹರಿಯುವ ಕಣಿವೆ. ನಮ್ಮ ಸೀಮೆಯ ಹಾಳೆಯಲ್ಲಿ ಈ ರೇಖೆಗಳ ವಿನ್ಯಾಸ ವಿಶಿಷ್ಟವಾದುದು: ನೆತ್ತಿಯಲ್ಲಿ ಚಪ್ಪಟೆಯಾದ ಮುರಕಲ್ಲಿನ ಹಾಸು, ಅಂಚಿನಲ್ಲಿ ಥಟ್ಟನೆ ಇಳಿಜಾರು, ಕೆಳಗೆ ಕಿರಿದಾದ ಹಳದಿ ಪಟ್ಟಿಯಂಥ ಗದ್ದೆ, ಅದರ ನಡುವೆ ನೀಲಿ ತೋಡು. ಮತ್ತೆ ಏರು, ಮತ್ತೆ ಹಾಸು. ನಾವು ಪದವು ಎನ್ನುವುದು ಆ ನೆತ್ತಿಯನ್ನು, ಬೈಲು ಎನ್ನುವುದು ಆ ಪಟ್ಟಿಯನ್ನು. ಎರಡು ಅಂಗುಲದ ಅಂತರವನ್ನು ನಕಾಶೆಯಲ್ಲಿ ಕಂಡು ಎರಡೇ ಮೈಲಿಯೆಂದು ತಿಳಿದವನಿಗೆ, ಆ ಎರಡು ಮೈಲಿಯೊಳಗೆ ಎಷ್ಟು ಗುಡ್ಡೆ ಹತ್ತಿ ಎಷ್ಟು ಬೈಲು ಇಳಿಯಬೇಕೆಂಬುದನ್ನು ಈ ರೇಖೆಗಳೇ ತಿಳಿಸುತ್ತವೆ.

ಆದರೂ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಸರ್ವೇಯವರು ಹೊರಸಂಚಾರಕ್ಕೆ ಬರುತ್ತಿದ್ದುದು ಮಳೆ ನಿಂತ ಮೇಲೆ. ಹಲಗೆಯನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಅದರ ಮೇಲೆ ಕಾಗದ ಹಾಸಿ, ದೂರದ ಗುಡ್ಡೆಗಳಿಗೆ ಗುರಿಯಿಟ್ಟು ಗೆರೆ ಎಳೆಯುವ ಆ ಕೆಲಸಕ್ಕೆ ತಿಳಿಯಾದ ಆಕಾಶ ಬೇಕು. ಅವರ ಚಿಹ್ನೆಗಳ ಪಟ್ಟಿಯಲ್ಲಿ ವರ್ಷವಿಡೀ ಹರಿಯುವ ನೀರಿಗೆ ನೀಲಿ, ಒಣಗುವ ತೊರೆಗೆ ಕಪ್ಪು. ಹಾಗಾಗಿ ನಕಾಶೆಯಲ್ಲಿರುವುದು ಬೇಸಗೆಯ ಕಾಸರಗೋಡು. ಶಾಲೆಗಳು ತೆರೆಯುವುದು ಜೂನ್ ತಿಂಗಳಿನಲ್ಲಿ. ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿನಷ್ಟು ಮಳೆ ಬೀಳುವ ಈ ನಾಡಿನಲ್ಲಿ ಕಪ್ಪು ಗೆರೆಗಳೆಲ್ಲ ಆಗ ಕೆಂಪು ನೀರಿನ ಹೊಳೆಗಳಾಗುತ್ತವೆ. ಅಡಿಕೆ ಮರದ ಕಾಲುಸಂಕದ ಮೇಲೆ ಚೀಲವನ್ನು ತಲೆಗೇರಿಸಿ ದಾಟಿದವರು, ಕಡವಿನಲ್ಲಿ ದೋಣಿಗಾಗಿ ಕಾದು ಮೊದಲ ಪಾಠಕ್ಕೆ ತಡವಾಗಿ ಬಂದವರು ಈ ಸಭೆಯಲ್ಲೇ ಇದ್ದಾರೆ. ಸರ್ವೇಯವನು ಕಾಣದ ಮಳೆಗಾಲದ ನಕಾಶೆ ಅವರ ಕಾಲಿಗೆ ಗೊತ್ತಿತ್ತು. ಅದನ್ನು ಯಾರೂ ಬರೆದಿಟ್ಟಿಲ್ಲ.

ಬರೆದಿಡದಿದ್ದರೂ ಒಂದು ಕಡೆ ಅದು ಉಳಿದಿದೆ: ಊರುಗಳ ಹೆಸರಿನಲ್ಲಿ. ಹಾಳೆಯ ಮೇಲಿನ ಕಪ್ಪು ಅಕ್ಷರಗಳನ್ನು ಒಮ್ಮೆ ಓದಿ ನೋಡಿ. ನೀರ್ಚಾಲು ಎಂಬ ಹೆಸರಿನಲ್ಲೇ ನೀರೂ ಇದೆ, ಅದು ಹರಿಯುವ ಚಾಲೂ ಇದೆ. ಬದಿಯಡ್ಕ, ಕಾರಡ್ಕ, ಬೇಡಡ್ಕಗಳಲ್ಲಿ ಬರುವ ಅಡ್ಕವೆಂದರೆ ಮರ ವಿರಳವಾದ, ಸಮತಟ್ಟಾದ ಬಯಲು ನೆಲ. ಎಣ್ಮಕಜೆಯಲ್ಲಿರುವ ಎಣ್ಮ ತುಳುವಿನ ಎಂಟು. ಪಳ್ಳವೆಂದರೆ ಮಳೆನೀರು ತಂಗುವ ತಗ್ಗು. ಮದಕವೆಂದರೆ ನೀರನ್ನು ತಡೆದು ನಿಲ್ಲಿಸಿದ ಕೆರೆ. ಕಟ್ಟವೆಂದರೆ ವರ್ಷವರ್ಷವೂ ತೋಡಿಗೆ ಅಡ್ಡಲಾಗಿ ಊರವರು ಸೇರಿ ಹಾಕುವ ಒಡ್ಡು. ಗದ್ದೆಗಳಿಗೂ ಮೂರು ಅಂತಸ್ತು: ತಳದ ನೀರಾವರಿಯ ಬೈಲು, ನಡುವಿನ ಮಜಲು, ಮಳೆಯನ್ನೇ ನಂಬಿದ ಮೇಲಿನ ಬೆಟ್ಟು. ಕಂದಾಯದ ಲೆಕ್ಕದಲ್ಲೂ ಈ ಮೂರು ಹೆಸರುಗಳು ಬಳಕೆಯಲ್ಲಿದ್ದವು. ಸಮೋನ್ನತಿ ರೇಖೆಯಿಂದ ಸರ್ವೇಯವನು ತೋರಿಸಿದ ಎತ್ತರವನ್ನು ನಮ್ಮ ಹಿರಿಯರು ಒಂದು ಶಬ್ದದಲ್ಲಿ ಹೇಳಿದ್ದರು. ಅಷ್ಟೇ ಅಲ್ಲ, ಅಲ್ಲಿ ನೀರು ಎಷ್ಟು ತಿಂಗಳು ನಿಲ್ಲುತ್ತದೆ, ಎಷ್ಟು ಬೆಳೆ ತೆಗೆಯಬಹುದು ಎಂಬುದನ್ನೂ ಅದರೊಳಗೆ ಇರಿಸಿದ್ದರು. ಹೊರಗಿನವನಿಗೆ ಇವು ಹೆಸರುಗಳು. ಭಾಷೆ ಬಲ್ಲವನಿಗೆ ಇವು ನೆಲ ಮತ್ತು ನೀರಿನ ಲೆಕ್ಕಪುಸ್ತಕ.

ಈ ಹೆಸರುಗಳು ಹಾಳೆಯನ್ನು ಸೇರಿದ ಬಗೆಯನ್ನೂ ತಿಳಿಯಬೇಕು. ಸ್ಥಳದಲ್ಲಿ ಸಿಕ್ಕಿದವರನ್ನು ಕೇಳಿ, ಕೇಳಿದ್ದನ್ನು ಬರೆದು, ಕಂದಾಯದ ಪಟ್ಟಿಗಳೊಡನೆ ತಾಳೆ ನೋಡಿ, ಕೊನೆಗೆ ರೋಮನ್ ಅಕ್ಷರಗಳಿಗೆ ಇಳಿಸುವುದು ಕ್ರಮ. ಹೇಳಿದವನ ನಾಲಗೆ ತುಳುವೋ ಕನ್ನಡವೋ ಮಲಯಾಳವೋ ಇರಬಹುದು. ಕೇಳಿದವನ ಕಿವಿ ಬೇರೆ ಸೀಮೆಯದು. ಅಚ್ಚಾದ ಲಿಪಿ ಇನ್ನೊಂದು. ಈ ಮೂರು ಜರಡಿಗಳನ್ನು ದಾಟುವಾಗ ಹ್ರಸ್ವ ದೀರ್ಘಗಳು ಉದುರುತ್ತವೆ, ಲಕಾರ ಳಕಾರಗಳು ಒಂದಾಗುತ್ತವೆ. ನಮ್ಮ ಸೀಮೆಯಲ್ಲಿ ಆದೂರು ಎಂಬ ಊರಿದೆ, ಅಡೂರು ಎಂಬ ಊರೂ ಇದೆ. ಕನ್ನಡದಲ್ಲಿ ಓದುವ ಮೂರನೆಯ ತರಗತಿಯ ಮಗುವೂ ಇವೆರಡನ್ನು ತಪ್ಪದೆ ಬೇರೆಬೇರೆಯಾಗಿ ಹೇಳುತ್ತದೆ. ರೋಮನ್ ಅಕ್ಷರಕ್ಕೆ ಇಳಿದಾಗ ಇವುಗಳ ನಡುವೆ ಉಳಿಯುವ ವ್ಯತ್ಯಾಸ ಒಂದು ಹಕಾರ ಮಾತ್ರ. ಚಿತ್ರದುರ್ಗ ಚಿತಲ್‌ಡ್ರೂಗ್ ಆದದ್ದೂ ಮಡಿಕೇರಿ ಮರ್ಕಾರ ಆದದ್ದೂ ಈ ದಾರಿಯಲ್ಲೇ. ಕೆಳದಿಯ ನಾಯಕರು ಕಟ್ಟಿಸಿದ ಹೊಸ ಕೋಟೆಯಿಂದ ಹೆಸರು ಪಡೆದ ಹೊಸದುರ್ಗ ಇಂಗ್ಲಿಷ್ ಕಾಗದಗಳಲ್ಲಿ ಹೊಸ್‌ಡ್ರುಗ್ ಆದಾಗ ಅದರಲ್ಲಿ ಹೊಸದೂ ಉಳಿಯಲಿಲ್ಲ, ದುರ್ಗವೂ ಉಳಿಯಲಿಲ್ಲ.

ಇಲ್ಲಿ ನಾವು ನ್ಯಾಯವಾಗಿ ಮಾತನಾಡಬೇಕು. ನೆರೆಭಾಷೆಯ ನಾಲಗೆಯಲ್ಲಿ ಹೆಸರು ರೂಪ ಬದಲಿಸುವುದು ಸಹಜ. ಬದಿಯಡ್ಕ ಮಲಯಾಳದಲ್ಲಿ ಬದಿಯಡುಕ್ಕ, ಮಂಜೇಶ್ವರ ಮಂಜೇಶ್ವರಂ. ತುಳುವರ ಕುಡ್ಲವನ್ನು ಕನ್ನಡದವರಾದ ನಾವು ಮಂಗಳೂರು ಎನ್ನುತ್ತೇವೆ. ಕೊಂಕಣಿಗರು ಕೊಡಿಯಾಲ ಎನ್ನುತ್ತಾರೆ, ಬ್ಯಾರಿಗಳು ಮೈಕಾಲ ಎನ್ನುತ್ತಾರೆ. ಒಂದೇ ಊರನ್ನು ನಾಲ್ಕು ಹೆಸರಿನಿಂದ ಕರೆದರೂ ಜಗಳವಾಡದ ನಾಡು ಇದು. ತೊಂದರೆ ಹುಟ್ಟುವುದು ಫಲಕದಲ್ಲಿ, ದಾಖಲೆಯಲ್ಲಿ, ನಕಾಶೆಯಲ್ಲಿ ಒಂದು ರೂಪ ಮಾತ್ರ ಉಳಿದು ಮಿಕ್ಕವು ಅಳಿಸಿಹೋದಾಗ. 2021ರಲ್ಲಿ ನಮ್ಮ ಕೆಲವು ಊರುಗಳ ಹೆಸರು ಬದಲಾಗಲಿದೆಯೆಂಬ ಸುದ್ದಿ ಹಬ್ಬಿ ಎರಡೂ ರಾಜ್ಯಗಳಲ್ಲಿ ಚರ್ಚೆಯಾಯಿತು. ಅಂಥ ಪ್ರಸ್ತಾವವಿಲ್ಲವೆಂದು ಕೇರಳ ಸರಕಾರ ತಿಳಿಸಿತು. ಆ ದಿನಗಳಲ್ಲಿ ನಮ್ಮವರಿಗಾದ ಕಳವಳ ನಿಜವಾದುದು. ಆದರೆ ಸರಕಾರ ಬದಲಿಸದಿದ್ದರೂ ಹೆಸರುಗಳು ಸಾಯಬಲ್ಲವು ಎಂಬುದನ್ನು ನಾವು ಅಷ್ಟೇ ಗಂಭೀರವಾಗಿ ಯೋಚಿಸಬೇಕು. ಗದ್ದೆ ತೋಟವಾದರೆ ಮಜಲು ಎಂಬ ಶಬ್ದಕ್ಕೆ ಕೆಲಸವಿರುವುದಿಲ್ಲ. ಪಳ್ಳಕ್ಕೆ ಮಣ್ಣು ತುಂಬಿ ಮನೆ ಕಟ್ಟಿದರೆ ಆ ಹೆಸರು ವಿಳಾಸವಾಗಿ ಒಂದು ತಲೆಮಾರು ಉಳಿಯುತ್ತದೆ, ಆಮೇಲೆ ಅದೂ ಇಲ್ಲ. ಇದನ್ನು ತಡೆಯಲು ಯಾವ ಮನವಿಪತ್ರವೂ ಸಾಲದು.

ಹಾಳೆಯ ಮೇಲಿನ ಇನ್ನೊಂದು ಗೆರೆಯ ಬಗ್ಗೆ ಹೇಳದಿದ್ದರೆ ಈ ಮಾತು ಅಪೂರ್ಣ. ಶಾಲೆ ಆರಂಭವಾದ ಕಾಲದಲ್ಲಿ ಈ ಪ್ರದೇಶ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು. ಉತ್ತರ ಮತ್ತು ಪೂರ್ವದಲ್ಲಿ ಮಂಗಳೂರು, ಪುತ್ತೂರು ತಾಲೂಕುಗಳಿಗೂ ನಮಗೂ ಇದ್ದುದು ತಾಲೂಕು ಎಲ್ಲೆಯ ತೆಳುವಾದ ಗೆರೆ. ದಕ್ಷಿಣದಲ್ಲಿ ಮಲಬಾರು ಜಿಲ್ಲೆಗೂ ನಮಗೂ ಇದ್ದುದು ಅದಕ್ಕಿಂತ ದಪ್ಪವಾದ ಜಿಲ್ಲಾ ಗೆರೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಉಳಿದ ಭಾಗ ಮೈಸೂರು ರಾಜ್ಯಕ್ಕೂ ಕಾಸರಗೋಡು ತಾಲೂಕು ಕೇರಳಕ್ಕೂ ಸೇರಿದಾಗ, ತೆಳುವಾದ ಗೆರೆ ರಾಜ್ಯದ ಗೆರೆಯಾಗಿ ದಪ್ಪವಾಯಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮರುವರ್ಷ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಗೆರೆ ದಪ್ಪವಾದುದರಿಂದ ನಮ್ಮ ಮಕ್ಕಳ ಪಠ್ಯಪುಸ್ತಕ, ಪರೀಕ್ಷೆ, ಉದ್ಯೋಗಗಳೆಲ್ಲ ಬದಲಾದವು. ಆ ಬದಲಾವಣೆಯ ಭಾರವನ್ನು ಹೊತ್ತು ನಡೆಸಿದವರು ಈ ಶಾಲೆಯ ಅಧ್ಯಾಪಕರು ಮತ್ತು ಹೆತ್ತವರು. ಆದರೆ ಹಳೆಯ ಹಾಳೆಯನ್ನೂ ಹೊಸ ಹಾಳೆಯನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದಾಗ ಸಮೋನ್ನತಿ ರೇಖೆಗಳು ಎಲ್ಲೆಗೆರೆಯ ಕೆಳಗಿನಿಂದ ಎಂದಿನಂತೆ ಹಾದುಹೋಗುವುದು ಕಾಣುತ್ತದೆ. ಗುಡ್ಡೆಯ ಒಂದು ಮಗ್ಗುಲು ಒಂದು ರಾಜ್ಯ, ಇನ್ನೊಂದು ಮಗ್ಗುಲು ಇನ್ನೊಂದು ರಾಜ್ಯ. ನೀರು ತನ್ನ ಇಳಿಜಾರನ್ನಷ್ಟೇ ನೋಡುತ್ತದೆ.

ನಕಾಶೆ ತೋರಿಸಲಾರದ್ದೂ ನಮ್ಮಲ್ಲಿ ಬಹಳವಿದೆ. ಅದರಲ್ಲಿ ಮೊದಲನೆಯದು ಸುರಂಗ. ಮುರಕಲ್ಲಿನ ಗುಡ್ಡೆಯ ಓರೆಯನ್ನು ಅಡ್ಡಲಾಗಿ ಕೊರೆದು, ಒಬ್ಬ ಮನುಷ್ಯ ನಡೆದುಹೋಗುವಷ್ಟು ಎತ್ತರ, ಅವನ ಭುಜ ತಾಗುವಷ್ಟು ಅಗಲದ ದಾರಿಯನ್ನು ಮಾಡಿ, ಒಳಗೆ ಒಸರುವ ನೀರನ್ನು ಪಂಪಿಲ್ಲದೆ ಅಂಗಳದ ತೊಟ್ಟಿಗೆ ಹರಿಸುವ ವಿದ್ಯೆ ಇದು. ಬಾಯಾರು, ಎಣ್ಮಕಜೆ, ಪೆರ್ಲಗಳ ಕಡೆ ಕುಡಿಯುವ ನೀರಿಗೂ ತೋಟಕ್ಕೂ ಇದನ್ನೇ ನಂಬಿದ ಮನೆಗಳಿವೆ. ಸರ್ವೇಯವರ ಚಿಹ್ನೆಪಟ್ಟಿಯಲ್ಲಿ ಬಾವಿಗೆ ಚಿಹ್ನೆಯಿದೆ, ಕೆರೆಗೆ ಇದೆ, ಬುಗ್ಗೆಗೆ ಇದೆ, ಸುರಂಗಕ್ಕೆ ಇಲ್ಲ. ಆಕಾಶದಿಂದ ತೆಗೆದ ಚಿತ್ರದಲ್ಲಿ ಅದು ಕಾಣುವುದೂ ಇಲ್ಲ. ಎಲ್ಲಿ ಕೊರೆದರೆ ನೀರು ಸಿಕ್ಕೀತೆಂದು ಮರ, ಮಣ್ಣು, ಕಲ್ಲುಗಳನ್ನು ನೋಡಿ ಹೇಳಬಲ್ಲ ಕೆಲಸಗಾರರ ತಿಳಿವಳಿಕೆ ಅವರ ಬಾಯಿಮಾತಿನಲ್ಲಿ ಮಾತ್ರ ಇದೆ. ಆ ಬಾಯಿಮಾತಿಗೆ ನಮ್ಮ ಭಾಷೆಗಳ ಶಬ್ದಗಳೇ ಆಧಾರ.

ಎರಡನೆಯದು ನೋವಿನ ವಿಚಾರ. 1970ರ ದಶಕದ ಕೊನೆಯ ಭಾಗದಿಂದ 2000ದ ವರೆಗೆ ನಮ್ಮ ಜಿಲ್ಲೆಯ ಗುಡ್ಡೆಗಳ ಮೇಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅದರ ಫಲವನ್ನು ಉಂಡ ಮನೆಗಳ ಮಕ್ಕಳು ನಮ್ಮ ಗಡಿನಾಡಿನ ಶಾಲೆಗಳ ಮಕ್ಕಳೂ ಹೌದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಾದ್ಯಂತ ನಿಷೇಧಿಸಿತು. ಮಲಯಾಳದ ಲೇಖಕ ಅಂಬಿಕಾಸುತನ್ ಮಾಙಾಡ್ ಈ ದುರಂತವನ್ನು ಕುರಿತು 2009ರಲ್ಲಿ ಪ್ರಕಟಿಸಿದ ಕಾದಂಬರಿಗೆ ಎಣ್ಮಕಜೆ ಎಂದೇ ಹೆಸರಿಟ್ಟರು. ನಮ್ಮ ಊರಿನ ತುಳು ಹೆಸರು ಹಾಗೆ ಕೇರಳದ ಮನೆಮಾತಾಯಿತು. ಇದನ್ನು ಇಲ್ಲಿ ನೆನೆಯಲು ಕಾರಣವಿದೆ. ಗೇರು ತೋಟ ಇರುವುದು ನೆತ್ತಿಯ ಪದವಿನಲ್ಲಿ. ಸುರಂಗ, ಬಾವಿ, ಮನೆಗಳು ಇರುವುದು ಓರೆಯಲ್ಲಿ ಮತ್ತು ಬೈಲಿನಲ್ಲಿ. ಮೇಲೆ ಬಿದ್ದದ್ದು ಕೆಳಗೆ ಇಳಿಯುತ್ತದೆ ಎಂಬುದನ್ನು ಕಂದು ರೇಖೆಗಳು ಸ್ಪಷ್ಟವಾಗಿ ಹೇಳುತ್ತಿದ್ದವು. ಹಾಳೆ ಕಚೇರಿಯ ಕಪಾಟಿನಲ್ಲಿತ್ತು; ನೀರಿನ ದಾರಿ ಗೊತ್ತಿದ್ದ ಜನ ಬೈಲಿನಲ್ಲಿದ್ದರು. ಇವೆರಡನ್ನು ಕೂಡಿಸುವ ಕೆಲಸ ಬಹಳ ತಡವಾಗಿ ಆಯಿತು. ನಕಾಶೆಯನ್ನು ಓದಲು ಕಲಿಯುವುದೆಂದರೆ ಪರೀಕ್ಷೆಗೆ ಎರಡು ಅಂಕ ಗಳಿಸುವುದಷ್ಟೇ ಅಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ.

ಹಾಗಾದರೆ ನಾವು ಮಾಡಬಹುದಾದುದೇನು? ದೂರ ಹೋಗಬೇಕಾಗಿಲ್ಲ. ನೆರೆಯ ಕಣ್ಣೂರು ಜಿಲ್ಲೆಯ ಕಲ್ಯಾಶ್ಶೇರಿಯಲ್ಲಿ 1990ರ ದಶಕದ ಆರಂಭದಲ್ಲಿ ಊರ ಜನರೇ ವಿಜ್ಞಾನಿಗಳ ಜೊತೆ ಸೇರಿ ತಮ್ಮ ಪಂಚಾಯತಿನ ನೆಲ, ನೀರುಗಳ ನಕಾಶೆಯನ್ನು ಸಿದ್ಧಪಡಿಸಿದರು. ಕೇರಳ ಶಾಸ್ತ್ರಸಾಹಿತ್ಯ ಪರಿಷತ್ತು ಆ ಕೆಲಸದಲ್ಲಿ ಮುಂದೆ ನಿಂತಿತ್ತು. ಮಲಯಾಳಿ ಬಂಧುಗಳಿಂದ ನಾವು ಕಲಿಯಬೇಕಾದ ಒಳ್ಳೆಯ ಪಾಠಗಳಲ್ಲಿ ಇದು ಒಂದು. ಇನ್ನು ಮೂಲ ನಕಾಶೆಗಳ ವಿಚಾರ. ಒಂದು ಕಾಲದಲ್ಲಿ ಕರಾವಳಿಯ ಹಾಳೆಗಳನ್ನು ಪಡೆಯುವುದು ಸುಲಭವಿರಲಿಲ್ಲ. 2005ರ ರಾಷ್ಟ್ರೀಯ ನಕಾಶೆ ನೀತಿಯ ಮೇಲೆ ಸಾರ್ವಜನಿಕರಿಗಾಗಿ ಪ್ರತ್ಯೇಕ ಮಾಲಿಕೆ ಬಂತು. 1767ರಲ್ಲಿ ಹುಟ್ಟಿದ ಭಾರತೀಯ ಸರ್ವೇಕ್ಷಣ ಇಲಾಖೆ ತನ್ನ 250ನೆಯ ವರ್ಷದಲ್ಲಿ, 2017ರಲ್ಲಿ, 1:50,000 ಪ್ರಮಾಣದ ಹಾಳೆಗಳನ್ನು ಉಚಿತವಾಗಿ ಒದಗಿಸಲು ತೊಡಗಿತು. ಇಂದು ಯಾವ ಶಾಲೆಯೂ ತನ್ನ ಊರಿನ ಹಾಳೆಯನ್ನು ಪಡೆಯಬಹುದು.

ನಮ್ಮ ಸೂಚನೆ ಇಷ್ಟು. ಶಾಲೆಯ ಎರಡನೆಯ ಶತಮಾನದ ಮೊದಲ ಕೆಲಸವಾಗಿ ಈ ಊರಿನ ಹೆಸರುಗಳ ಪುಸ್ತಕವೊಂದನ್ನು ಮಕ್ಕಳಿಂದ ಬರೆಯಿಸೋಣ. ಹಾಳೆಯ ದೊಡ್ಡ ಪ್ರತಿಯೊಂದನ್ನು ತರಗತಿಯ ಗೋಡೆಗೆ ಹಾಕಿ, ಶಾಲೆಯಿಂದ ಎರಡು ಮೈಲಿ ಸುತ್ತಳತೆಯ ಪ್ರತಿ ಬೈಲು, ಗುಡ್ಡೆ, ತೋಡು, ಕಟ್ಟ, ಪಳ್ಳ, ಸಂಕ, ಕಡವು, ಸುರಂಗಗಳಿಗೆ ಒಂದೊಂದು ಸಂಖ್ಯೆ ಕೊಡೋಣ. ಪ್ರತಿ ಮಗುವೂ ತನ್ನ ಮನೆಯ ಅಜ್ಜ ಅಜ್ಜಿಯರನ್ನು, ನೆರೆಯ ಮನೆಯ ಹಿರಿಯರನ್ನು ಕೇಳಿ ಹೆಸರನ್ನು ಬರೆಯಲಿ. ಹೇಳಿದವರ ಬಾಯಲ್ಲಿ ಬಂದ ರೂಪವನ್ನೇ ಬರೆಯಲಿ. ಅದು ತುಳುವಾದರೆ ತುಳು, ಹವ್ಯಕ ಕನ್ನಡವಾದರೆ ಅದು, ಕರಾಡ, ಮರಾಠಿ, ಕೊಂಕಣಿ, ಬ್ಯಾರಿ, ಮಲಯಾಳವಾದರೆ ಅದು. ಕನ್ನಡದ ಲಿಪಿಯಲ್ಲಿ ಈ ಎಲ್ಲ ನುಡಿಗಳ ಉಚ್ಚಾರವನ್ನು ಬಹುಮಟ್ಟಿಗೆ ಹಿಡಿದಿಡಲು ಬರುತ್ತದೆ. ಪಕ್ಕದಲ್ಲಿ ಮಲಯಾಳ ಲಿಪಿಯಲ್ಲೂ ಬರೆಯಲಿ; ನಮ್ಮ ಮಕ್ಕಳಿಗೆ ಅದೂ ಬರುತ್ತದೆ, ಅದು ಅವರ ಬಲ. ಹೆಸರಿನ ಅರ್ಥವೇನು, ಅಲ್ಲಿ ನೀರು ಯಾವ ತಿಂಗಳವರೆಗೆ ಇರುತ್ತದೆ, ಮೊದಲು ಏನು ಬೆಳೆಯುತ್ತಿತ್ತು, ಮಳೆಗಾಲದಲ್ಲಿ ದಾರಿ ಯಾವುದು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸೇರಿದರೆ, ಸರ್ವೇಯವರು ಬಿಟ್ಟುಹೋದ ಮಳೆಗಾಲದ ನಕಾಶೆ ಸಿದ್ಧವಾಗುತ್ತದೆ.

ಅಧ್ಯಾಪಕರಲ್ಲಿ ನಮ್ಮ ವಿನಂತಿ: ಇದನ್ನು ಸಮಾಜ ವಿಜ್ಞಾನದ ತರಗತಿಗೆ ಮಾತ್ರ ಬಿಡಬೇಡಿ. ಇಳಿಜಾರಿನ ಲೆಕ್ಕ ಗಣಿತದ್ದು, ಒಸರಿನ ವಿಚಾರ ವಿಜ್ಞಾನದ್ದು, ಹೆಸರಿನ ವಿಚಾರ ಕನ್ನಡದ್ದು. ಹೆತ್ತವರಲ್ಲಿ ವಿನಂತಿ: ಕನ್ನಡ ಮಾಧ್ಯಮದಲ್ಲಿ ಕಲಿತ ಮಗುವಿಗೆ ಮುಂದೇನು ಎಂಬ ನಿಮ್ಮ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಇಂಗ್ಲಿಷ್ ಕಲಿಯಬೇಕು, ಚೆನ್ನಾಗಿಯೇ ಕಲಿಯಬೇಕು. ಆದರೆ ತಾನು ನಿಂತ ನೆಲದ ಹೆಸರಿನ ಅರ್ಥ ತಿಳಿಯದ ಮಗು, ಆ ನೆಲದ ಬಗ್ಗೆ ಬೇರೆಯವರು ತೀರ್ಮಾನ ಕೈಗೊಳ್ಳುವಾಗ ಏನೆಂದು ಕೇಳೀತು? ಎದ್ದು ಪ್ರಶ್ನೆ ಕೇಳಬಲ್ಲ ಮಗುವನ್ನು ಈ ಶಾಲೆ ನಿಮಗೆ ಕೊಡಬಲ್ಲದು. ಹಳೆ ವಿದ್ಯಾರ್ಥಿಗಳಲ್ಲಿ ವಿನಂತಿ: ಮಂಗಳೂರು, ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿರುವ ನಿಮ್ಮ ನೆನಪಿನಲ್ಲಿ ಇಲ್ಲಿಯ ಯಾವ ಮನೆಯಲ್ಲೂ ಈಗ ಉಳಿದಿಲ್ಲದ ಹೆಸರುಗಳಿರಬಹುದು. ಶಾಲೆಗೆ ನೀವು ಕೊಡುವ ಧನಸಹಾಯದೊಂದಿಗೆ ಆ ಹೆಸರುಗಳನ್ನೂ ಬರೆದು ಕಳುಹಿಸಿ. ನೀವು ನಡೆದ ದಾರಿಯನ್ನು ಗೆರೆ ಎಳೆದು ತೋರಿಸಿ.

ಎಲ್ಲ ನಕಾಶೆಗಳೂ ಮಾಡಿದವರ ಅಗತ್ಯವನ್ನು ಹೇಳುತ್ತವೆ. ಕಂಪೆನಿಗೆ ಕಂದಾಯ ಬೇಕಿತ್ತು, ಸೈನ್ಯಕ್ಕೆ ದಾರಿ ಬೇಕಿತ್ತು, ಸರಕಾರಗಳಿಗೆ ಎಲ್ಲೆ ಬೇಕಿತ್ತು. ಅವರಿಗೆ ಬೇಕಾದುದು ಅವರ ಹಾಳೆಗಳಲ್ಲಿದೆ. ಕುಡಿಯುವ ನೀರು, ನಡೆಯುವ ದಾರಿ, ಕರೆಯುವ ಹೆಸರು ಬೇಕಾದವರು ನಾವು. ನಮ್ಮ ಹಾಳೆಯನ್ನು ನಾವೇ ಬರೆಯಬೇಕು. ಅದಕ್ಕೆ ಬೇಕಾದ ಅಕ್ಷರವನ್ನು ಈ ಶಾಲೆ ನೂರು ವರ್ಷಗಳಿಂದ ಕಲಿಸುತ್ತಾ ಬಂದಿದೆ. ಮುಂದಿನ ನೂರು ವರ್ಷ ಕಲಿಸುವ ಶಕ್ತಿ ಅದಕ್ಕಿರಲಿ ಎಂದು ಹಾರೈಸುತ್ತೇವೆ.